ಹಗುರ ಹೊತ್ತಿನ ಪಾಠ

ನಮ್ಮ ಊರಿನಲ್ಲಿ ಹೊತ್ತು ನೆತ್ತಿಯಿಂದ ಸ್ವಲ್ಪ ವಾಲಿತೆಂದರೆ ಎಲ್ಲದರ ತೂಕ ಅರ್ಧಕ್ಕರ್ಧ ಇಳಿಯುತ್ತದೆ. ದೀಪ ಹಚ್ಚುವ ಹೊತ್ತಿಗೆ ಮತ್ತೆ ಬರುತ್ತದೆ. ನಡುವಿನ ಆ ಹೊತ್ತನ್ನು ನಾವು ಹಗುರ ಹೊತ್ತು ಅನ್ನುತ್ತೇವೆ. ಹೊರಗಿನಿಂದ ಬಂದವರೆಲ್ಲ ಯಾಕೆ ಹೀಗೆ ಅಂತ ಕೇಳುತ್ತಾರೆ. ನಿಮ್ಮ ಊರಲ್ಲಿ ಯಾಕೆ ಹೀಗಾಗುವುದಿಲ್ಲ ಅಂತ ನಾವೂ ಕೇಳಬಹುದು, ಆದರೆ ಮನೆಗೆ ಬಂದವರನ್ನು ಹಾಗೆಲ್ಲ ಕೇಳಬಾರದೆಂದು ಸುಮ್ಮನಿರುತ್ತೇವೆ. ಬೀರು, ಮಂಚ, ಕಾಳಿನ ಮೂಟೆ ಏನೇ ಸಾಗಿಸುವುದಿದ್ದರೂ ಹಗುರ ಹೊತ್ತಿನಲ್ಲೇ. ಹೆಣ ಎತ್ತುವುದೂ ಆಗಲೇ, ಹೊರುವವರ ಹೆಗಲನ್ನೂ ನೋಡಬೇಕಲ್ಲ. ಮಂಡಿನೋವಿನ ಮುದುಕಿಯರು ಬೆಳಗಿನಿಂದ ಜಗಲಿಯ ಮೇಲೆ ಕೂತು ಕಾದು, ಹೊತ್ತು ವಾಲಿದ ತಕ್ಷಣ ಎದ್ದು ನೆಂಟರ ಮನೆಗೆ ಹೊರಡುತ್ತಾರೆ. ಸೆರಗು ಹೇಳಿದ ಮಾತು ಕೇಳುವುದಿಲ್ಲವೆಂದು ಹೆಂಗಸರು ಅದರ ತುದಿಗೆ ಬೀಗದ ಕೈ ಗೊಂಚಲು ಕಟ್ಟಿಕೊಳ್ಳುತ್ತಾರೆ. ತಕ್ಕಡಿಯಲ್ಲಿ ಮೋಸ ನಡೆಯುವುದಿಲ್ಲ, ಯಾಕೆಂದರೆ ಈರುಳ್ಳಿಯ ಜೊತೆ ತೂಕದ ಕಲ್ಲೂ ಹಗುರಾಗುತ್ತದೆ. ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ಹುಡುಗರು ಶಾಲೆಯ ಕಾಂಪೌಂಡ್ ಹಾರಿ ಓಡುವುದೊಂದು ತಲೆನೋವು, ಅಷ್ಟೇ.

ನಾನು ದಾಕ್ಷಾಯಣಿ. ಇಲ್ಲಿನ ಶಾಲೆಯಲ್ಲಿ ಕನ್ನಡ ಟೀಚರ್. ಬಾಯಿ ಸ್ವಲ್ಪ ಜೋರು ಅಂತ ಹೆಸರಿದೆ, ಇರಲಿ. ಹೋದ ವರ್ಷ ಇಲಾಖೆಯವರು ಒಂದು ಹೊಸ ಹುಕುಂ ತಂದರು. ಕಾಲೇಜಿನಲ್ಲಿ ವಿಜ್ಞಾನ ಓದದ ಮೇಷ್ಟ್ರುಗಳೆಲ್ಲ ಶನಿವಾರ ಮಧ್ಯಾಹ್ನ ನಮ್ಮ ಊರಿನ ಡಿಗ್ರಿ ಕಾಲೇಜಿಗೆ ಹೋಗಿ ಭೌತವಿಜ್ಞಾನದ ಪರಿಚಯ ಪಾಠ ಕೇಳಬೇಕು, ಕೊನೆಗೆ ಊರಿನ ಸಾಮಾನುಗಳನ್ನೇ ಇಟ್ಟುಕೊಂಡು ಒಂದು ಮಾದರಿ ಪಾಠ ಮಾಡಿ ಪಾಸಾಗಬೇಕು. ಜೊತೆಗೆ ಬಿ.ಎ., ಬಿ.ಕಾಂ. ಹುಡುಗರು. ನನಗೆ ಮೈಯೆಲ್ಲ ಉರಿದುಹೋಯಿತು. ಹಳಗನ್ನಡದ ಪದ್ಯವನ್ನು ನಿದ್ದೆಗಣ್ಣಿನಲ್ಲೂ ಬಿಡಿಸಿ ಹೇಳುವ ನನಗೆ ಈ ವಯಸ್ಸಿನಲ್ಲಿ ಸನ್ನೆಗೋಲಿನ ಪಾಠವೇ? ಆದರೆ ಇಲಾಖೆಯ ಮುಂದೆ ಯಾರ ಬಾಯಿ ನಡೆದಿದೆ? ನಾನೂ ನಮ್ಮ ಶಾಲೆಯ ನೂರ್‌ಜಹಾನ್ ಟೀಚರ್ರೂ ಹಿಂದಿನ ಬೆಂಚು ಹಿಡಿದು ಕೂತೆವು.

ಪಾಠ ಮಾಡಲು ಬಂದವರು ಲೋಬೊ ಅಂತ, ಕಡಲ ಕಡೆಯವರು. ಊರಿಗೆ ಹೊಸಬರು. ಮೊದಲನೆಯ ದಿನವೇ ತೂಕಡಿಸುತ್ತಿದ್ದ ಹುಡುಗನೊಬ್ಬನಿಗೆ ಸೀಮೆಸುಣ್ಣ ಎಸೆದರು. ಅದು ಅವನ ತಲೆಯ ಮೇಲಿಂದ ತೇಲಿಕೊಂಡು ಕಿಟಕಿಯಾಚೆ ಹೋಯಿತು. ಎಲ್ಲರೂ ನಕ್ಕೆವು. ಅವರು ಮಾತ್ರ ಕಿಟಕಿಯ ಹತ್ತಿರ ಹೋಗಿ, ಸುಣ್ಣದ ತುಂಡು ನೆಲ ಮುಟ್ಟುವವರೆಗೂ ನೋಡುತ್ತ ನಿಂತರು. ನೂರ್‌ಜಹಾನ್ ಟೀಚರ್ ಎದ್ದು ನಿಂತು ಕೇಳಿಯೇಬಿಟ್ಟರು, "ಸರ್, ಇದು ಯಾಕೆ ಹೀಗೆ ಅಂತ ನೀವಾದ್ರೂ ಹೇಳ್ತೀರಾ?"

"ಯಾಕೆ ಅಂತ ನಂಗೂ ಗೊತ್ತಿಲ್ಲ ಮಾರಾಯ್ರೆ," ಅಂದರು ಲೋಬೊ. "ಏನು ಬದಲಾಗ್ತದೆ, ಏನು ಬದಲಾಗೂದಿಲ್ಲ, ಅದನ್ನು ನೋಡುವ. ಯಾಕೆ ಅನ್ನುವುದು ಆಮೇಲೆ."

ಆ ಮಾತು ನನಗೆ ಹಿಡಿಸಿತು. ಗೊತ್ತಿಲ್ಲ ಅನ್ನುವ ಮೇಷ್ಟ್ರನ್ನು ನಾನು ನೋಡಿದ್ದೇ ಕಡಿಮೆ, ನನ್ನನ್ನೂ ಸೇರಿಸಿ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಊರ ಪಕ್ಕದ ಗುಡ್ಡದ ಮೇಲೆ ಕಲ್ಲಿನ ಕ್ವಾರಿ ಇದೆ. ಕಲ್ಲು ತುಂಬಿದ ಟ್ರಾಲಿಗಳನ್ನು ಹಗುರ ಹೊತ್ತಿನಲ್ಲಿ ಕಂಬಿಯ ಮೇಲೆ ಕೆಳಕ್ಕೆ ಬಿಡುತ್ತಾರೆ. ಕೆಳಗೆ ಸಮತಟ್ಟಾದ ಅಂಗಳದಲ್ಲಿ ಅವನ್ನು ಕೈಯಲ್ಲಿ ಹಿಡಿದು ನಿಲ್ಲಿಸುವವರು ತಡೆಯಾಳುಗಳು. ದಿನಾ ಬರುವುದು ಅರೆ ತುಂಬಿದ ಟ್ರಾಲಿ, ಮೂರು ನಾಲ್ಕು ಜನ ಸೇರಿ ಹಿಡಿಯುತ್ತಾರೆ. ಆದರೆ ಹೊಸದಾಗಿ ಸೇರುವವನು ಮೊದಲ ದಿನ ಒಬ್ಬನೇ ಹಿಡಿಯಬೇಕು. ಕಂಬಿಗಳ ನಡುವೆ ಒಂದು ಹಾಸುಗಲ್ಲಿದೆ, ನಿಲುಗಲ್ಲು ಅನ್ನುತ್ತಾರೆ. ಅದರ ಮೇಲೆ ನಿಂತು, ಹೆಜ್ಜೆ ಕದಲಿಸದೆ ಟ್ರಾಲಿ ತಡೆದರೆ ಅವನು ಗಂಡಸು. ಹಿಂದೆ ಸರಿದರೆ ಸಾಯುವ ತನಕ ಅವನನ್ನು ಆಡಿಕೊಳ್ಳುತ್ತಾರೆ.

ನಮ್ಮ ಯಜಮಾನರು, ಹಾಲೇಶಿ ಅಂತ, ತಡೆಯಾಳು ಆಗಿದ್ದರು. ಮಗ ಉಮಾಪತಿ ಚಿಕ್ಕವನಿದ್ದಾಗ ಒಂದು ದಿನ ಭರ್ತಿ ತುಂಬಿದ ಟ್ರಾಲಿ ಬಂದು ಅವರ ಎದೆ ಒಡೆಯಿತು. ಮನೆಗೆ ತಂದಾಗ ಇನ್ನೂ ಹಗುರ ಹೊತ್ತು ಮುಗಿದಿರಲಿಲ್ಲ, ಇಬ್ಬರೇ ಎತ್ತಿಕೊಂಡು ಬಂದಿದ್ದರು. ಬೆಳಗಿನ ಪೂರ್ತಿ ತೂಕದ ಕಲ್ಲಿಗೆ ಸತ್ತರೆ ಊರು ಅಯ್ಯೋ ಅನ್ನುತ್ತದೆ. ಹಗುರ ಹೊತ್ತಿನ ಕಲ್ಲಿಗೆ ಸತ್ತವನನ್ನು ಕಂಡರೆ ಒಳಗೊಳಗೇ ನಗುತ್ತದೆ. ಅಷ್ಟು ಹಗುರಾದದ್ದನ್ನೂ ತಡೆಯಲಾಗಲಿಲ್ಲವಲ್ಲ, ಎಂಥ ಕೈಲಾಗದವನಿರಬೇಕು ಅಂತ. ಮುಖದ ಮೇಲೆ ಯಾರೂ ಹೇಳಲಿಲ್ಲ. ಆದರೆ ಉಮಾಪತಿ ಆಟಕ್ಕೆ ಹೋದಾಗ ಹುಡುಗರು ಅವನ ಕೈಗೆ ಹತ್ತಿಯ ಉಂಡೆ ಕೊಟ್ಟು, ಹಿಡ್ಕೋ ನೋಡೋಣ, ಬಿದ್ದೀಯ ಜೋಕೆ, ಅನ್ನುತ್ತಿದ್ದರು. ಅವನು ಅತ್ತುಕೊಂಡು ಬರುತ್ತಿದ್ದ. ಬರಬರುತ್ತ ಅಳುವುದನ್ನು ಬಿಟ್ಟ. ಅದರಿಂದ ನನಗೆ ಇನ್ನೂ ಹೆಚ್ಚು ಸಂಕಟವಾಯಿತು.

ಈಗ ಅವನು ಮೀಸೆ ಬಂದ ಗಂಡು. ಪಿಯುಸಿ ಮುಗಿಸಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ನನ್ನ ಪಾಠ ಶುರುವಾದ ಕೆಲವು ವಾರಕ್ಕೆ, ಊಟಕ್ಕೆ ಕೂತಾಗ ಹೇಳಿದ, "ಅವ್ವಾ, ಕ್ವಾರಿಗೆ ಸೇರ್ತೀನಿ. ಹುಣ್ಣಿಮೆ ಕಳೆದ ಮರುದಿನ ನಿಲುಗಲ್ಲಿಗೆ ಬಾ ಅಂದಿದಾರೆ. ಭರ್ತಿ ಟ್ರಾಲಿನೇ ಬಿಡಿ ಅಂತ ಹೇಳಿ ಬಂದೀನಿ."

ನನ್ನ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. "ಹೊಸಬರಿಗೆ ಅರೆ ಟ್ರಾಲಿ ಅಲ್ವೇನೋ?"

"ಅಪ್ಪನ್ನ ಕೆಡವಿದ್ದು ಭರ್ತಿ ಟ್ರಾಲಿ. ಅದನ್ನೇ ಹಿಡೀಬೇಕು. ಆಮೇಲೆ ಯಾವನು ಮಾತಾಡ್ತಾನೋ ಮಾತಾಡ್ಲಿ."

ಬೈದೆ. ಅತ್ತೆ. ಎರಡು ಹೊತ್ತು ಉಣ್ಣದೆ ಕೂತೆ. ಅವನು ನನ್ನ ತಟ್ಟೆ ಮುಚ್ಚಿಟ್ಟು ಕೆಲಸಕ್ಕೆ ಹೋದ. ಹಟದಲ್ಲಿ ನನ್ನ ಮಗನೇ, ಯಾರನ್ನು ದೂರಲಿ?

ಆ ಶನಿವಾರ ಪಾಠಕ್ಕೆ ಹೋಗುವ ಮನಸ್ಸೇ ಇರಲಿಲ್ಲ, ಹಾಜರಿಗೋಸ್ಕರ ಹೋದೆ. ಲೋಬೊ ಅವರು ತೊಲೆಗೆ ಎರಡು ಎಣ್ಣೆ ಡಬ್ಬ ತೂಗುಹಾಕಿದ್ದರು. ಒಂದು ಖಾಲಿ, ಒಂದರ ತುಂಬ ಮರಳು. ಮುಚ್ಚಳ ಹಾಕಿದ್ದರಿಂದ ಯಾವುದು ಯಾವುದೆಂದು ನೋಡಿದರೆ ಗೊತ್ತಾಗುತ್ತಿರಲಿಲ್ಲ. ನನ್ನನ್ನೇ ಕರೆದರು. "ಎತ್ತಬೇಡಿ ಟೀಚರ್. ಎತ್ತುವ ಕೆಲಸ ಹಗ್ಗ ಮಾಡ್ತಾ ಉಂಟು. ನೀವು ಬೆರಳಲ್ಲಿ ಪಕ್ಕಕ್ಕೆ ಸುಮ್ಮನೆ ತಳ್ಳಿ."

ಒಂದನ್ನು ತಳ್ಳಿದೆ, ಓಡಿತು. ಇನ್ನೊಂದನ್ನು ತಳ್ಳಿದೆ, ಬೆರಳು ಹಿಂದಕ್ಕೆ ಬಾಗಿತೇ ಹೊರತು ಡಬ್ಬ ಜಗ್ಗಲಿಲ್ಲ. ಜೋರಾಗಿ ತಳ್ಳಿದ ಮೇಲೆ ನಿಧಾನವಾಗಿ ಹೊರಟಿತು. ವಾಪಸು ಬಂದಾಗ ಅಂಗೈ ಒಡ್ಡಿದೆ. ಮೊಣಕೈವರೆಗೂ ಜುಮ್ಮೆಂದಿತು.

"ಸರ್, ಇದು ಹಗುರ ಹೊತ್ತು," ಅಂದೆ. "ಮರಳೂ ಅರ್ಧ ಆಗಿರ್ಬೇಕಲ್ಲ?"

"ತೂಕ ಅರ್ಧ ಆಗಿದೆ. ಮರಳು ಅರ್ಧ ಆಗಲಿಲ್ಲ, ಅಲ್ವಾ? ಡಬ್ಬದ ಒಳಗೆ ಇದ್ದದ್ದು ಇದ್ದ ಹಾಗೇ ಉಂಟು. ಅದಕ್ಕೆ ದ್ರವ್ಯರಾಶಿ ಅಂತ ಹೆಸರು. ಹೊರಟದ್ದನ್ನು ನಿಲ್ಲಿಸುವಾಗ ನಿಮ್ಮ ಕೈಗೆ ತಾಗುವುದು ಅದು. ನಿಮ್ಮ ಊರಿನ ಮಧ್ಯಾಹ್ನಕ್ಕೂ ಅದಕ್ಕೂ ಸಂಬಂಧವೇ ಇಲ್ಲ."

ನಾನು ಡಬ್ಬ ಹಿಡಿದುಕೊಂಡೇ ನಿಂತೆ. ಹಿಂದಿನ ಬೆಂಚಿನಿಂದ ನೂರ್‌ಜಹಾನ್ ಟೀಚರ್ "ದಾಕ್ಷಾಯಣಿ, ಏನಾಯ್ತು, ಕೂತ್ಕೋ" ಅಂದರು. ಏನಾಯಿತು ಅಂತ ಹೇಗೆ ಹೇಳಲಿ? ಇಡೀ ಊರು ಎತ್ತಿ ನೋಡಿ ಹಗುರ ಅಂದುಕೊಂಡಿತ್ತು. ಹಗುರಾದದ್ದು ಮೆಲ್ಲಗೆ ಬರುತ್ತದೆ, ಮೆಲ್ಲಗೆ ಬರುವುದು ಏನು ಮಾಡೀತು ಅಂದುಕೊಂಡಿತ್ತು. ನಮ್ಮ ಯಜಮಾನರ ಎದೆಗೆ ಬಂದದ್ದು ಬೆಳಗಿನ ಅಷ್ಟೂ ಕಲ್ಲು. ಅವರು ಕೈಲಾಗದವರಲ್ಲ. ಅಷ್ಟು ವರ್ಷದ ಮೇಲೆ, ಮರಳಿನ ಡಬ್ಬದ ಮುಂದೆ ನನಗೆ ಅಳು ಬಂತು. ಬಿ.ಕಾಂ. ಹುಡುಗರು ಮೇಡಂಗೆ ಬೆರಳು ಉಳುಕಿತು ಅಂದುಕೊಂಡರು.

ಪಾಠ ಮುಗಿದ ಮೇಲೆ ಲೋಬೊ ಅವರಿಗೆ ಎಲ್ಲವನ್ನೂ ಹೇಳಿದೆ. "ಹಾಗಾದರೆ ಹಿಡಿಯುವುದಕ್ಕೆ ಆಗುವುದೇ ಇಲ್ವಾ ಸರ್?" ಅಂದೆ.

"ಆಗ್ತದೆ. ಮುಂದಿನ ವಾರ ಅದೇ ಪಾಠ ಉಂಟು. ಮೊಟ್ಟೆ ಬೇಕು, ಒಂದು ಬೆಡ್‌ಶೀಟ್ ಬೇಕು."

ಮೊಟ್ಟೆ ತಂದದ್ದು ನೂರ್‌ಜಹಾನ್ ಟೀಚರ್. ನಾವು ಮೊಟ್ಟೆ ಮುಟ್ಟುವವರಲ್ಲ, ಹಾಗಾಗಿ ನಾನು ಬೆಡ್‌ಶೀಟಿನ ಒಂದು ತುದಿ ಹಿಡಿದೆ. ಲೋಬೊ ಅವರು ಒಂದು ಮೊಟ್ಟೆಯನ್ನು ಗೋಡೆಗೆ ಎಸೆದರು. ಹಗುರ ಹೊತ್ತಿನಲ್ಲಿ ತೇಲಿಕೊಂಡೇ ಹೋಯಿತು, ಆದರೂ ಗೋಡೆಗೆ ತಾಗಿ ಲೋಳೆ ಇಳಿಯಿತು. ಇನ್ನೊಂದನ್ನು ಅದೇ ಜೋರಿನಲ್ಲಿ ಬೆಡ್‌ಶೀಟಿಗೆ ಎಸೆದರು. ಬಟ್ಟೆ ಹಿಂದಕ್ಕೆ ಹೋಯಿತು, ಮೊಟ್ಟೆ ಅದರೊಳಗೆ ಹೊರಳಿ ಸುಮ್ಮನೆ ಕೂತಿತು. ಎಷ್ಟು ಎಸೆದರೂ ಒಡೆಯಲಿಲ್ಲ. "ಗೋಡೆ ಹಿಂದೆ ಹೋಗೂದಿಲ್ಲ," ಅಂದರು ಲೋಬೊ. "ಬಟ್ಟೆ ಹೋಗ್ತದೆ. ನಿಲ್ಲುವುದಕ್ಕೆ ಸಮಯ ಸಿಕ್ಕಿದರೆ ಪೆಟ್ಟು ಸಣ್ಣದಾಗ್ತದೆ. ಇಷ್ಟೇ ಪಾಠ."

ಮನೆಗೆ ಓಡಿಬಂದೆ. ಹಗುರ ಹೊತ್ತು ಮುಗಿಯುವುದರೊಳಗೆ ರುಬ್ಬುವ ಗುಂಡನ್ನು ಹಗ್ಗದಲ್ಲಿ ಬಿಗಿದು ಹಿತ್ತಿಲ ತೊಲೆಗೆ ತೂಗುಹಾಕಿದೆ. ಉಮಾಪತಿ ಬಂದು ಒಂದೇ ಕೈಯಲ್ಲಿ ಅದನ್ನು ಮೇಲೆತ್ತಿ, "ಇದಕ್ಕಾ ಇಷ್ಟು ಸಡಗರ?" ಅಂದ. ಸುಮ್ನೆ ನೋಡು ಅಂದೆ. ಗೋಡೆಗೆ ಒಂದು ಕುಂಬಳಕಾಯಿ ಒರಗಿಸಿ, ಗುಂಡನ್ನು ಹಿಂದಕ್ಕೆಳೆದು ಬಿಟ್ಟೆ. ಮೆಲ್ಲಗೆ ಹೋಗಿ ತಾಗಿತು. ಕುಂಬಳಕಾಯಿ ಎರಡು ಹೋಳಾಗಿ ಬೀಜ ಎಲ್ಲ ಹರಡಿತು. ದ್ರವ್ಯರಾಶಿ ಹೇಳಿದೆ, ಮೊಟ್ಟೆ ಹೇಳಿದೆ, ಬಟ್ಟೆ ಹಿಂದೆ ಸರಿಯುವುದನ್ನು ಹೇಳಿದೆ. ನಿಲುಗಲ್ಲು ಬಿಟ್ಟು ಹಿಂದೆ ಹಿಂದೆ ನಡೆಯುತ್ತ ಹಿಡಿ, ಅಂಗಳ ಉದ್ದಕ್ಕಿದೆ, ಕೈ ಬಿಡಬೇಡ, ಒಂದೇ ಸಮ ಒತ್ತುತ್ತ ಬಾ ಅಂದೆ.

ಅವನು ಕುಂಬಳದ ಹೋಳು ಆರಿಸುತ್ತ ಕೇಳಿಸಿಕೊಂಡ. ತರಗತಿಯಲ್ಲಿ ಕೂತವನ ಹಾಗೆ ಗೌರವದಿಂದಲೇ ಕೇಳಿಸಿಕೊಂಡ. ಕೊನೆಗೆ ಹೇಳಿದ, "ಕುಂಬಳಕಾಯಿ ಗಂಡಸಲ್ಲವ್ವಾ."

"ನಿಮ್ಮಪ್ಪ ಗಂಡಸಲ್ವೇನೋ?"

"ಅದನ್ನೇ ನಾನು ತೋರಿಸಬೇಕಾಗಿರೋದು. ಹಿಂದೆ ಸರಿದ್ರೆ ಏನಂತಾರೆ ಗೊತ್ತಾ? ಅಪ್ಪ ಸತ್ತ, ಮಗ ಓಡಿದ ಅಂತಾರೆ. ನಿನ್ನ ಲೋಬೊ ಸಾಹೇಬ್ರು ಬಂದು ನನ್ನ ಪರವಾಗಿ ಊರಲ್ಲಿ ಬದುಕ್ತಾರಾ?"

ಮಗ ದಡ್ಡನಲ್ಲ, ಪಾಠ ಅವನಿಗೆ ತಿಳಿದಿತ್ತು. ತಿಳಿದೂ ನಿಲ್ಲುತ್ತೇನೆ ಅನ್ನುತ್ತಿದ್ದ. ಅವನು ಹೆದರುತ್ತಿದ್ದದ್ದು ಕಲ್ಲಿಗಲ್ಲ, ಅಂಗಳದ ಸುತ್ತ ನಿಂತು ನಗುವವರಿಗೆ. ಆ ಹೆದರಿಕೆಯನ್ನು ಕಡಿಮೆ ಮಾಡುವ ಪಾಠ ಲೋಬೊ ಅವರ ಪುಸ್ತಕದಲ್ಲಿ ಇರಲಿಲ್ಲ. ಅದೆಲ್ಲ ಯೋಚನೆ ಮಾಡಿಯೇ ಸೋಮವಾರ ಕಾಲೇಜಿಗೆ ಹೋಗಿ, ನನ್ನ ಮಾದರಿ ಪಾಠ ಹುಣ್ಣಿಮೆಯ ಮರುದಿನ, ಕ್ವಾರಿಯ ಅಂಗಳದಲ್ಲಿ ಅಂತ ಹೇಳಿ ಬಂದೆ.

ಲೋಬೊ ಅವರ ಮುಖ ಬಿಳಿಚಿಕೊಂಡಿತು. "ಟೀಚರ್, ಬೇಡ. ಮಾರ್ಕು ಹಾಗೇ ಕೊಡ್ತೇನೆ."

"ನಿಮ್ಮ ಮಾರ್ಕು ಯಾರಿಗೆ ಬೇಕು ಸರ್? ನೀವು ಹೇಳಿದ್ದು ನಿಜವೋ ಸುಳ್ಳೋ ಅಷ್ಟು ಹೇಳಿ."

"ನಿಜ. ಆದರೆ ನಾನು ಮೊಟ್ಟೆಯಲ್ಲಿ ನೋಡಿದ್ದು. ಟ್ರಾಲಿಯಲ್ಲಿ ನೋಡಲಿಲ್ಲ." ಆಮೇಲೆ, "ನಾನೂ ಬರ್ತೇನೆ," ಅಂದರು.

ಆ ದಿನ ಹೊತ್ತು ವಾಲುವ ಮುಂಚೆಯೇ ಅಂಗಳದ ಸುತ್ತ ಜನ ಸೇರಿದ್ದರು. ಹಾಲೇಶಿಯ ಮಗ ಭರ್ತಿ ಟ್ರಾಲಿ ಕೇಳಿದ್ದಾನೆ ಅನ್ನುವುದು ಊರೆಲ್ಲ ಹಬ್ಬಿತ್ತು. ತಡೆಯಾಳುಗಳ ಹಿರಿಯ ಓಂಕಾರಪ್ಪ ಕಂಬಿಯ ಪಕ್ಕ ನಿಂತಿದ್ದ. ಅವನೂ ನಮ್ಮ ಯಜಮಾನರೂ ಜೊತೆಯಲ್ಲೇ ದುಡಿದವರು. ನನ್ನ ಕಣ್ಣಿಗೆ ಕಣ್ಣು ಕೊಡದೆ, "ಟೀಚರಮ್ಮ, ನೀವು ಮನೆಗೆ ಹೋಗ್ರಿ. ತಾಯಂದಿರು ನೋಡೋದಲ್ಲ ಇದು," ಅಂದ. ಮೇಲೆ ಗುಡ್ಡದ ತುದಿಯಲ್ಲಿ ಟ್ರಾಲಿ ತಯಾರಾಗಿತ್ತು. ಅಲ್ಲಿಂದ ಕೆಳಗಿನವರ ಮುಖ ಕಾಣುವುದಿಲ್ಲ. ಕೆಳಗೆ ನಿಂತವನು ಕೆಂಪು ಬಟ್ಟೆ ಬೀಸಿದರೆ ಗಾಲಿಗೆ ಕೊಟ್ಟ ಕಟ್ಟಿಗೆ ತೆಗೆಯುತ್ತಾರೆ. ಆ ಬಟ್ಟೆ ಉಮಾಪತಿಯ ಹೆಗಲ ಮೇಲಿತ್ತು. ಅವನು ಅಂಗಿ ಬಿಚ್ಚಿ ಮಡಚಿಡಲು ಬಗ್ಗಿದಾಗ ನಾನು ಬಟ್ಟೆ ಎಳೆದುಕೊಂಡು ನಿಲುಗಲ್ಲಿನ ಮೇಲೆ ಹೋಗಿ ನಿಂತು ಬೀಸಿಬಿಟ್ಟೆ.

ಮೇಲೆ ಕಟ್ಟಿಗೆ ತೆಗೆದ ಸದ್ದು ಕೇಳಿತು. ಇನ್ನು ಯಾರಿಂದಲೂ ಏನೂ ಮಾಡಲು ಆಗುತ್ತಿರಲಿಲ್ಲ.

"ಅವ್ವಾ, ಈಚೆ ಬಾ," ಅಂತ ಉಮಾಪತಿ ಓಡಿಬಂದ. ಲೋಬೊ ಅವರು ಅವನ ರಟ್ಟೆ ಹಿಡಿದುಕೊಂಡರು. ಜನರ ನಡುವೆ ಎಲ್ಲೋ ಒಂದು ಕಡೆ ನಗು ಶುರುವಾಯಿತು. ಟ್ರಾಲಿ ಬರುತ್ತಿತ್ತು. ಎಂಥ ನಿಧಾನ ಅಂತೀರಿ, ಪಕ್ಕದಲ್ಲಿ ಒಂದು ಮಗು ಓಡಿಕೊಂಡು ಬರಬಹುದು, ಅಷ್ಟು ನಿಧಾನ. ಅದನ್ನು ನೋಡಿದರೆ ಯಾರಿಗಾದರೂ ಒಂದು ಕೈ ಒಡ್ಡೋಣ ಅನಿಸಬೇಕು. ನನಗೆ ಗೊತ್ತಿತ್ತು, ಅದರೊಳಗೆ ಬೆಳಗಿನ ಕಲ್ಲೆಲ್ಲ ಹಾಗೇ ಇದೆ ಅಂತ. ಬರಿಗಾಲಲ್ಲಿ ನಿಂತಿದ್ದೆ, ಹಗುರ ಹೊತ್ತಿನಲ್ಲಿ ಕಾಲು ನೆಲ ಹಿಡಿಯಲೆಂದು.

ತಾಗುವ ಮೊದಲೇ ಹಿಂದಕ್ಕೆ ನಡೆಯಲು ಶುರುಮಾಡಿದೆ. ಅಂಗೈ ಎರಡನ್ನೂ ಕಬ್ಬಿಣಕ್ಕೆ ಒತ್ತಿದೆ. ಅದು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿಲುಗಲ್ಲು ಬಿಟ್ಟು ಹಿಂದೆ ಬಂದೆ, ಇನ್ನೂ ಹಿಂದೆ ಬಂದೆ. ಈಗ ನಗು ಎಲ್ಲ ಕಡೆಯಿಂದ ಕೇಳುತ್ತಿತ್ತು. ಏನು ಮಾಡಬೇಕೋ ತಿಳಿಯದೆ ಗಟ್ಟಿಯಾಗಿ ಪಾಠ ಹೇಳತೊಡಗಿದೆ, ತರಗತಿಯ ದನಿಯಲ್ಲೇ. ಮಕ್ಕಳೇ, ತೂಕ ಬೇರೆ, ದ್ರವ್ಯರಾಶಿ ಬೇರೆ. ನಿಂತಲ್ಲೇ ನಿಂತರೆ ಪೆಟ್ಟೆಲ್ಲ ಒಂದೇ ಸಲಕ್ಕೆ ಬರುತ್ತದೆ. ಹಿಂದೆ ನಡೆದರೆ ಸ್ವಲ್ಪ ಸ್ವಲ್ಪವೇ ಬರುತ್ತದೆ. ತೋಳು ನಡುಗುತ್ತಿತ್ತು, ಆದರೆ ಮುರಿಯುವಂಥದ್ದೇನೂ ಬರಲಿಲ್ಲ. ಎಷ್ಟು ದೂರ ನಡೆದೆನೋ, ಒಂದು ಗಳಿಗೆಯಲ್ಲಿ ಹೆಜ್ಜೆ ಸಣ್ಣದಾಗುತ್ತಿದೆ ಅನ್ನಿಸಿತು. ಟ್ರಾಲಿ ಈಗ ನನ್ನ ಮಾತು ಕೇಳುತ್ತಿತ್ತು. ಬೆನ್ನಿಗೆ ಅಂಗಳದ ಕೊನೆಯ ಗೋಡೆ ತಗಲುವ ಮೊದಲೇ ಅದು ನಿಂತಿತು. ನಾನು ಕೈ ತೆಗೆದೆ. ಅಂಗೈ ತುಂಬ ತುಕ್ಕು. ನಗುವವರು ಯಾವಾಗ ನಿಲ್ಲಿಸಿದರೋ ಗೊತ್ತಾಗಲಿಲ್ಲ.

ಓಂಕಾರಪ್ಪ ಕಂಬಿ ದಾಟಿ ಬಂದ. ಟ್ರಾಲಿಯ ಅಂಚು ಹಿಡಿದುಕೊಂಡು ನಿಂತ. ಅವನ ಮುಖ ನೋಡಿ ಬೈಯುತ್ತಾನೆ ಅಂದುಕೊಂಡೆ.

"ಹಾಲೇಶಿನೂ ಹಿಂಗೇ ಹಿಡೀತಿದ್ದ," ಅಂದ.

ನನಗೆ ಅರ್ಥವಾಗಲಿಲ್ಲ. "ಏನಂದೆ?"

"ದಿನಾ ಹಿಂಗೇ. ಹಿಂದೆ ಹಿಂದೆ ನಡ್ಕೊಂತ ಹಿಡೀತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ, ಅವನೇ ಕಂಡ್ಕೊಂಡಿದ್ದ. ಎಂಥ ಟ್ರಾಲಿ ಬಂದ್ರೂ ಅವನಿಗೆ ಒಂದು ಗಾಯ ಆಗಿರಲಿಲ್ಲ." ಓಂಕಾರಪ್ಪ ಟ್ರಾಲಿಯ ಕಡೆಗೇ ನೋಡುತ್ತಿದ್ದ. "ನಾವು ನಗ್ತಿದ್ವಿ ತಾಯಿ. ಹಿಂಜರಿಯೋ ಹಾಲೇಶಿ ಅಂತ ಹೆಸರಿಟ್ಟಿದ್ವಿ. ಆವತ್ತು ನಾನೇ ಹೇಳಿದ್ದು, ಒಂದು ಸಲ ನಿಲುಗಲ್ಲಿನ ಮ್ಯಾಲೆ ನಿಂತು ಹಿಡಿ ನೋಡೋಣ, ಆಮೇಲೆ ನಗೋದು ಬಿಡ್ತೀವಿ ಅಂತ. ಭರ್ತಿ ತುಂಬಿ ಬಿಟ್ಟಿದ್ವಿ. ಅವನು ನಿಂತ."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈ ಮೇಲೆ ಏಳಲಿಲ್ಲ, ಟ್ರಾಲಿ ಹಿಡಿದು ಸೋತಿತ್ತು. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅಂದೆ. "ನನ್ನ ಮಗ ಊರಿನ ಬಾಯಿಗೆಲ್ಲ ಬಿದ್ದು ಬೆಳೆದನಲ್ಲ, ಆಗಾದ್ರೂ ಯಾಕೆ ಹೇಳಲಿಲ್ಲ?"

"ಹೆಂಗ್ ಹೇಳ್ಲಿ?" ಅಂದ. ಆ ಮುದುಕ ಅಷ್ಟು ಜನರ ಎದುರು ಅಳುತ್ತಿದ್ದ, ಒರೆಸಿಕೊಳ್ಳಲೂ ಇಲ್ಲ. ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಆದರೆ ಅವನು ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದ, ಅದನ್ನು ಇಲ್ಲ ಅನ್ನಲಾರೆ.

ತಿರುಗಿ ನೋಡಿದಾಗ ಉಮಾಪತಿ ನನ್ನ ಪಕ್ಕದಲ್ಲಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಚಿಕ್ಕವನಿದ್ದಾಗ ಬಿಟ್ಟಿದ್ದ ಅಳು ಅವನ ಮುಖಕ್ಕೆ ವಾಪಸು ಬಂದಿತ್ತು. ನನ್ನ ಅಂಗೈ ಹಿಡಿದು, ತುಕ್ಕನ್ನು ತನ್ನ ಬೆರಳಿಂದ ಉಜ್ಜಿ ತೆಗೆದ. ಆಮೇಲೆ ಕೆಳಗೆ ಬಿದ್ದಿದ್ದ ಕೆಂಪು ಬಟ್ಟೆ ಎತ್ತಿಕೊಂಡು, "ಇನ್ನೊಂದು ಭರ್ತಿ ಟ್ರಾಲಿ ಐತಾ?" ಅಂತ ಓಂಕಾರಪ್ಪನನ್ನು ಕೇಳಿದ. ಓಂಕಾರಪ್ಪ ಇದೆಯೆಂದು ತಲೆಯಾಡಿಸಿದ. ಲೋಬೊ ಅವರು ನನ್ನ ಕಡೆ ನೋಡಿದರು. ಬೇಡ ಅನ್ನಿ ಅಂತ ಅವರ ಕಣ್ಣು ಹೇಳುತ್ತಿತ್ತು. ನಾನು ಅನ್ನಲಿಲ್ಲ.

ನಾಲ್ಕಾರು ಜನ ಸೇರಿ ನಾನು ನಿಲ್ಲಿಸಿದ ಟ್ರಾಲಿಯನ್ನು ಪಕ್ಕದ ಕಂಬಿಗೆ ತಳ್ಳಿದರು. ಉಮಾಪತಿ ಹೋಗಿ ನಿಂತ, ಬಟ್ಟೆ ಬೀಸಿದ. ಮೇಲಿನಿಂದ ಟ್ರಾಲಿ ಹೊರಟಿತು, ಅದೇ ನಿಧಾನದಲ್ಲಿ ಬಂತು. ಅವನು ಎರಡೂ ಕೈ ಒಡ್ಡಿದ, ಕಬ್ಬಿಣ ಅಂಗೈಗೆ ತಾಗಿತು, ಅವನು ನಿಲುಗಲ್ಲಿನಿಂದ ಕಾಲು ಹಿಂದಕ್ಕೆ ತೆಗೆದ. ಮತ್ತೆ ಇನ್ನೊಂದು ಹೆಜ್ಜೆ ತೆಗೆದ. ಅಂಗಳದ ಉದ್ದಕ್ಕೂ, ಊರಿನವರೆಲ್ಲರ ಎದುರು, ನನ್ನ ಮಗ ಹಿಂದೆ ಹಿಂದೆ ನಡೆದು ಬಂದ. ಯಾರೂ ನಗಲಿಲ್ಲ.